ರಟ್ಟಕ್ಕನ ಅಡಿಹಾಳೆ

ಡಬ್ಬಿ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ರಟ್ಟಕ್ಕ. ರಟ್ಟಿನ ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಒಮ್ಮೆ ಬಾಗಿಸಿದರೆ ಸಾಕು, ಇದು ಮಡಿಸಿದರೆ ಬಿರಿಯುವ ಜಾತಿಯೋ, ಹೇಳಿದ ಮಾತು ಕೇಳುವ ಜಾತಿಯೋ ಎಂದು ಹೇಳಿಬಿಡುತ್ತಿದ್ದಳು. ಅವಳ ಕೆಲಸ ಕತ್ತರಿ ಮಷಿನ್ನಿನದು. ಆ ಮಷಿನ್ನು ಇಡೀ ದಿನ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿರುತ್ತದೆ. ತೆರೆದಾಗ ಅಚ್ಚಾದ ಹಾಳೆ ಒಳಗಿಡಬೇಕು, ಮತ್ತೆ ತೆರೆದಾಗ ಡಬ್ಬಿಯ ಆಕಾರಕ್ಕೆ ಕತ್ತರಿಸಿದ್ದನ್ನು ಎಳೆದುಕೊಳ್ಳಬೇಕು. ಕೈ ಒಂದಿಷ್ಟು ತಡವಾದರೆ ಬೆರಳಿನ ಆಸೆ ಬಿಡಬೇಕು. ಅವಳಿಗಿಂತ ಮೊದಲು ಅಲ್ಲಿ ನಿಂತಿದ್ದ ಗಂಡಾಳು ಹೆದರಿ ಬಾಗಿಲು ಕಾಯುವ ಕೆಲಸಕ್ಕೆ ಹೋಗಿ ಕೂತಿದ್ದ. ರಟ್ಟಕ್ಕ ಮಾತ್ರ ಹಸುವಿಗೆ ಹುಲ್ಲು ಕೊಟ್ಟಷ್ಟು ಸಲೀಸಾಗಿ ಅದರ ಬಾಯಿಗೆ ಕೈ ಹಾಕುತ್ತಿದ್ದಳು. ಅಂಥ ಗಟ್ಟಿಗಿತ್ತಿ ಒಂದು ಕಾಗದಕ್ಕೆ ಹೆದರಿ ನಡುಗಿಹೋದಳು.

ಆ ಕಾಗದಕ್ಕೆ ಕಾರ್ಖಾನೆಯಲ್ಲಿ ಅಡಿಹಾಳೆ ಎನ್ನುತ್ತಾರೆ. ಹೊಸ ಡಬ್ಬಿಯ ಕೆಲಸ ಬಂದಾಗ ಅಲಗು ಕೂರಿಸಿದ ಹಲಗೆಯನ್ನು ಮಷಿನ್ನಿಗೆ ಕಟ್ಟಿ, ಅಚ್ಚು ಕೆಟ್ಟ ಒಂದು ಹಾಳೆ ಇಟ್ಟು ಒತ್ತಿ ನೋಡುತ್ತಾರೆ. ಒಂದು ಕಡೆ ಕತ್ತರಿಸಿರುತ್ತದೆ, ಇನ್ನೊಂದು ಕಡೆ ಬರೀ ಗೀರು ಬಿದ್ದಿರುತ್ತದೆ. ಅಲಗು ಎಲ್ಲೆಲ್ಲಿ ಮೊಂಡಾಟ ಮಾಡಿದೆಯೋ ಅಲ್ಲಲ್ಲಿ ಹಾಳೆಯ ಬೆನ್ನಿಗೆ ತೆಳ್ಳನೆಯ ಕಾಗದದ ಪಟ್ಟಿ ಅಂಟಿಸಿ, ಅದನ್ನೇ ಅಡಿಗೆ ಕೊಟ್ಟು ಮತ್ತೆ ಒತ್ತಬೇಕು. ಮತ್ತೆ ನೋಡಬೇಕು, ಮತ್ತೆ ಅಂಟಿಸಬೇಕು. ಅಡಿಹಾಳೆ ಕೂರಿಸುವುದೆಂದರೆ ಹಟದ ಕೂಸನ್ನು ಮಲಗಿಸಿದ ಹಾಗೆ. ಅವಸರ ಮಾಡಿದರೆ ಮೊದಲಿಂದ ಶುರು. ಅದೇ ಡಬ್ಬಿ ಮುಂದೊಮ್ಮೆ ಬಂದಾಗ ಅದೇ ಅಡಿಹಾಳೆ ಬೇಕು. ಕಾರ್ಖಾನೆಯ ಕಪಾಟಿನಲ್ಲಿಟ್ಟರೆ ತೇವಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ, ಇಲ್ಲವೇ ಯಾರೋ ಪುಣ್ಯಾತ್ಮರು ಅದರ ಮೇಲೆ ಟೀ ಲೋಟ ಇಡುತ್ತಾರೆ. ಅದಕ್ಕೇ ರಟ್ಟಕ್ಕ ತನ್ನ ಅಡಿಹಾಳೆಗಳನ್ನು ಮನೆಗೆ ಒಯ್ದು, ಹಾಸಿಗೆಯ ಕೆಳಗೆ ಅಚ್ಚಿನ ಮುಖ ಕೆಳಗೆ ಮಾಡಿ, ಪಟ್ಟಿ ಅಂಟಿಸಿದ ಬೆನ್ನು ಮೇಲೆ ಮಾಡಿ ಚಪ್ಪಟೆ ಮಲಗಿಸುತ್ತಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬಡಗಿಯಾದವನು ತನ್ನ ಉಳಿಯನ್ನು ಮನೆಗೆ ಒಯ್ಯಲು ಯಾರ ಅಪ್ಪಣೆ ಕೇಳುತ್ತಾನೆ?

ಮನೆಯಲ್ಲಿ ಅವಳ ಜೊತೆ ಅತ್ತೆ ಮತ್ತು ಮೈದುನ. ಗಂಡ ದೂರದೂರಿಗೆ ಲಾರಿ ಓಡಿಸುವವನು, ಬಂದಾಗ ಬಂದ. ಮೈದುನನಿಗೆ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಪುಟ್ಟ ಅಂಗಡಿ ಇತ್ತು, ಕಂಪ್ಯೂಟರ್ ಬಿಡಿಭಾಗಗಳದ್ದು. ಆ ಬೀದಿಯಲ್ಲಿ ಅವನಿಗೆ ‘ಮುಂದಿನ್ವಾರ’ ಎಂದೇ ಅಡ್ಡಹೆಸರು. ಗಿರಾಕಿ ಬಂದು ಗ್ರಾಫಿಕ್ಸ್ ಕಾರ್ಡು ಕೇಳಿದರೆ ಬೇರೆ ಅಂಗಡಿಯವರು ತೆಗೆದು ಕೊಡುತ್ತಾರೆ. ಇವನು ಕುರ್ಚಿ ಕೊಟ್ಟು ಕೂರಿಸಿ, “ಈಗ ತಗೋಬೇಡಿ ಸಾರ್. ಮುಂದಿನ ವಾರ ಹೊಸದು ಬರ್ತಿದೆ. ಇದರ ಅರ್ಧ ಕರೆಂಟು ಸಾಕು, ಎರಡರಷ್ಟು ಓಟ. ಒಳಗಿನ ಸುದ್ದಿ” ಎಂದು ಅವರನ್ನು ಬರಿಗೈಲಿ ಕಳಿಸುತ್ತಿದ್ದ. ಅವರು ನೆಟ್ಟಗೆ ಎದುರಿನ ಅಂಗಡಿಗೆ ಹೋಗಿ ಕೊಳ್ಳುತ್ತಿದ್ದರು. ಸಂಜೆಯಾದರೆ ಫೋನನ್ನು ಡಬ್ಬಗಳ ಮೇಲೆ ನಿಲ್ಲಿಸಿ, ಯಾವ ಪ್ರೊಸೆಸರಿಗೆ ಹಳೇ ಬೋರ್ಡು ಆಗಿಬರಲ್ಲ, ಯಾವ ಕಾರ್ಡಿನ ವೈರು ಕಾದು ಕರಗುತ್ತದಂತೆ, ಯಾವುದಕ್ಕೆ ಎಷ್ಟು ಮೆಮೊರಿ ಎಂದು ಕಾಣದ ಊರುಗಳ ಹುಡುಗರಿಗೆಲ್ಲ ಸುದ್ದಿ ಉಣಬಡಿಸುತ್ತಿದ್ದ. ಅವನ ಮಾತಿಗಾಗಿ ಕಾದು ಕೂರುವವರು ಸಾವಿರಾರು ಜನ.

“ಇವನ ಹೊಟ್ಟೇಲಿ ಊಟ ನಿಲ್ಲತ್ತೆ, ಸುದ್ದಿ ನಿಲ್ಲಲ್ಲ” ಎನ್ನುತ್ತಿದ್ದಳು ಅತ್ತೆ.

ಅತ್ತಿಗೆ ಡಬ್ಬಿ ಕಾರ್ಖಾನೆಯಲ್ಲಿರುವುದು ಅವನಿಗೆ ಒಂದು ಆಟ. ರಾತ್ರಿ ಊಟಕ್ಕೆ ಕೂತಾಗ, “ಉಗುರು ತೋರ್ಸಿ ಅತ್ತಿಗೆ, ಭವಿಷ್ಯ ಹೇಳ್ತೀನಿ” ಎನ್ನುವನು. ಕತ್ತರಿಸಿದ ಅಂಚಿನಿಂದ ಉದುರುವ ಬಣ್ಣದ ಪುಡಿ ಅವಳ ಉಗುರ ಸಂದಿನಲ್ಲಿ ಕೂತಿರುತ್ತಿತ್ತು. “ಹಳದಿ. ಇದು ಸೋಪು. ಕೆಂಪು. ಇದು ಮಿಕ್ಸಿ.” ಅವಳು ನಗುತ್ತ ಕೈ ಹಿಂದೆ ಎಳೆದುಕೊಳ್ಳುತ್ತಿದ್ದಳು.

ಹೀಗಿರುವಾಗ ನೇರಳೆ ಬಣ್ಣದ ಕೆಲಸ ಬಂತು. ಅದು ಬರುವ ಮೊದಲೇ ಕಾರ್ಖಾನೆಯ ಕಿಟಕಿಗಳಿಗೆಲ್ಲ ಕಾಗದ ಮೆತ್ತಿದರು. ಫೋನುಗಳನ್ನು ಬಾಗಿಲಲ್ಲೇ ಒಂದು ಟ್ರಂಕಿಗೆ ಹಾಕಬೇಕು. ಕಸ ಅನ್ನುವುದು ಒಂದು ಚೂರೂ ಆಚೆ ಹೋಗಕೂಡದು, ಎಲ್ಲ ಚೂರು ಮಾಡುವ ಮಷಿನ್ನಿಗೆ. ಡಬ್ಬಿಯ ಮೇಲೆ ಮೂರು ಫ್ಯಾನಿನ ಒಂದು ಗ್ರಾಫಿಕ್ಸ್ ಕಾರ್ಡಿನ ಚಿತ್ರ, ದೊಡ್ಡ ಅಂಕೆ, ಪಕ್ಕದಲ್ಲಿ ಎಷ್ಟು ಮೆಮೊರಿ ಎಂಬ ಮುದ್ರೆ. ಇನ್ನೂ ಲೋಕಕ್ಕೆ ಗೊತ್ತಿಲ್ಲದ ಮಾಲು. ಯಜಮಾನರು ಎಲ್ಲರನ್ನೂ ನಿಲ್ಲಿಸಿ ಹೇಳಿದರು: “ಇದು ನಮ್ಮ ಕಡೆಯಿಂದ ಹೊರಗೆ ಬಿತ್ತು ಅಂದ್ರೆ ಆ ಕಂಪನಿ ಕೆಲಸ ಎಲ್ಲಾ ಹೋಗತ್ತೆ. ಅದು ಹೋದ್ಮೇಲೆ ಇಲ್ಲಿ ಬೀಗ ಹಾಕೋಕೆ ಒಬ್ಬರು ಸಾಕು.”

ಅಚ್ಚು ಮಷಿನ್ನಿನ ಇಂಕಣ್ಣ, ರಟ್ಟಕ್ಕನಿಗಿಂತ ಹಳಬ, ಮೆಲ್ಲಗೆ ಅಂದ: “ಆಮೇಲೆ ನನ್ನ ಮಷಿನ್ ಮೇಲೆ ಬಟ್ಟೆ ಒಣಗ್ಹಾಕಬಹುದು.”

ರಟ್ಟಕ್ಕ ಕಸವನ್ನು ಒಂದು ಎಳೆಯೂ ಬಿಡದೆ ಗುಡಿಸಿ ಚೂರು ಮಷಿನ್ನಿಗೆ ಹಾಕಿದಳು. ಅಡಿಹಾಳೆಯನ್ನು ಎಂದಿನಂತೆ ಮನೆಗೆ ಒಯ್ದು ಹಾಸಿಗೆಯ ಕೆಳಗೆ ಮಲಗಿಸಿದಳು. ಅದು ಕಸ ಅಂತ ಅವಳ ತಲೆಗೆ ಹೊಳೆಯಲೇ ಇಲ್ಲ. ಅದು ಹತಾರ. ಅದರ ಮುಖದ ಮೇಲೆ ಏನು ಅಚ್ಚಾಗಿದೆ ಎಂಬುದನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ, ಅವಳು ನೋಡುತ್ತಿದ್ದುದು ಬೆನ್ನನ್ನು ಮಾತ್ರ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋದರೆ ಮಷಿನ್ನುಗಳು ಸುಮ್ಮನಿದ್ದವು. ಅಷ್ಟು ನಿಶ್ಶಬ್ದವನ್ನು ಅವಳು ಅಲ್ಲಿ ಕೇಳಿರಲೇ ಇಲ್ಲ. ಯಜಮಾನರ ಮುಖ ಸುಣ್ಣ ಬಳಿದಂತಿತ್ತು. ಅವರು ತಮ್ಮ ಫೋನನ್ನು ಎತ್ತಿ ತೋರಿಸಿದರು. ನೇರಳೆ ಡಬ್ಬಿಯ ಮುಖ, ಅದೇ ಅಂಕೆ, ಅದೇ ಮುದ್ರೆ. ಲೋಕದ ಹುಡುಗರೆಲ್ಲ ಅದನ್ನು ಹಿಡಿದು ಕುಣಿಯುತ್ತಿದ್ದಾರಂತೆ. ಚಿತ್ರ ಮಸುಕಾಗಿತ್ತು, ಬರೀ ಮುಖದ ಭಾಗ, ಅಂಚು ಕಾಣದು.

ಆಗ ಹೊಳೆಯಿತು ಅವಳಿಗೆ. ಹಾಸಿಗೆ. ಅಡಿಹಾಳೆ. ಒಂದೇ ಸೂರಿನಡಿ ಮೈದುನ.

ಆ ದಿನ ಮಷಿನ್ನು ಓಡಲಿಲ್ಲ, ಓಡಿದ್ದರೆ ಅವಳ ಬೆರಳು ಉಳಿಯುತ್ತಿರಲಿಲ್ಲ. ಸಂಜೆ ಮನೆ ಸೇರಿದವಳೇ ಕೋಣೆಗೆ ನುಗ್ಗಿ ಹಾಸಿಗೆ ಎತ್ತಿದಳು. ಅಡಿಹಾಳೆ ಇತ್ತು. ಆದರೆ ನೇರಳೆ ಮುಖ ಮೇಲಾಗಿತ್ತು. ಮೂರು ಫ್ಯಾನುಗಳು ಮೂರು ಕಣ್ಣಿನಂತೆ ಅವಳನ್ನೇ ನೋಡುತ್ತಿದ್ದವು. ಅವಳು ಯಾವತ್ತೂ ಹಾಗೆ ಇಟ್ಟವಳಲ್ಲ.

“ಅತ್ತೆ, ಹಾಸಿಗೆ ಮುಟ್ಟಿದ್ರಾ?”

“ಆವತ್ತು ಬಿಸಿಲಿಗೆ ಹಾಕ್ಸಿದ್ನಲ್ಲ. ನಂಗೆಲ್ಲಿ ಎತ್ತೋಕೆ ಆಗತ್ತೆ? ನಿನ್ನ ಮೈದುನನ್ನ ಕರೆದೆ. ಯಾಕೆ, ತಿಗಣೆನಾ?”

“ಏನಿಲ್ಲ ಬಿಡಿ.”

ಮೈದುನನನ್ನು ಕೇಳಿಬಿಡಬಹುದಿತ್ತು. ಕೇಳುವುದು ಹೇಗೆ? ಅವನು ನೋಡಿಲ್ಲದಿದ್ದರೆ, ಕೇಳಿದ ಮಾತೇ ಸುದ್ದಿಯಾಗುತ್ತದೆ. ಮನೆಯಲ್ಲೇ ಆ ಡಬ್ಬಿಯ ಹಾಳೆ ಇದೆ ಎಂದು ಗೊತ್ತಾದರೆ ಅವನ ಬಾಯಿಗೆ ಯಾವ ಬೀಗ ಹಾಕುವುದು? ನೋಡಿ ಫೋಟೋ ತೆಗೆದವನು ಅವನೇ ಆಗಿದ್ದರೆ, ಆ ಮಾತನ್ನು ಕೇಳಿಸಿಕೊಳ್ಳುವ ಶಕ್ತಿ ತನಗಿದೆಯೇ? ಅವಳು ಊಟಕ್ಕೆ ಬಡಿಸಿ, ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಳು. ಮೈದುನ ಅವತ್ತು ಉಗುರು ಕೇಳಲಿಲ್ಲ. ಅದೂ ಅವಳಿಗೆ ಹೆದರಿಕೆಯೇ ಆಯಿತು. ಹಾಗೆ ನೋಡಿದರೆ ಅವನು ಉಗುರು ಕೇಳಿ ಎಷ್ಟು ಕಾಲವಾಯಿತು ಎಂಬುದು ಅವಳಿಗೆ ನೆನಪಿಗೇ ಬರಲಿಲ್ಲ.

ಸುಟ್ಟುಬಿಡೋಣ ಎಂದರೆ ಆ ಹೊಳಪಿನ ಹಾಳೆ ಉರಿದರೆ ನಾಲ್ಕು ಮನೆಗೆ ನಾರುತ್ತದೆ. ಕಾರ್ಖಾನೆಗೇ ವಾಪಸು ಒಯ್ದು ಹಲಗೆಗಳ ಸಂದಿಗೆ ಸೇರಿಸಿಬಿಡುವುದು ಸರಿ, ಎಂದುಕೊಂಡಳು. ಬೆಳಿಗ್ಗೆ ಅದನ್ನು ಸುತ್ತಿ ಚೀಲಕ್ಕಿಟ್ಟೂ ಇಟ್ಟಳು. ಹೊಸ್ತಿಲು ದಾಟುವಾಗ ಏನೋ ಅಳುಕಿ ತಿರುಗಿ ಬಂದು ಹಾಸಿಗೆಯ ಕೆಳಗೇ ತುರುಕಿದಳು. ಒಳ್ಳೆಯದೇ ಆಯಿತು. ಕಾರ್ಖಾನೆಯ ಬಾಗಿಲಲ್ಲಿ ಇಬ್ಬರು ಹೊಸಬರು ನಿಂತು ಒಳಗೆ ಹೋಗುವವರ ಚೀಲವನ್ನೂ ತಡಕುತ್ತಿದ್ದರು. ಅವಳ ಬುತ್ತಿಯ ಡಬ್ಬಿಯ ಮುಚ್ಚಳ ಕೂಡ ತೆಗೆಸಿದರು. ಆ ಮುಚ್ಚಳ ಮತ್ತೆ ಹಾಕಲು ಅವಳ ಕೈಗೆ ಆಗಲೇ ಇಲ್ಲ, ಅಷ್ಟು ನಡುಗುತ್ತಿತ್ತು. ಇಂಕಣ್ಣ ಹಾಕಿಕೊಟ್ಟ.

“ಏನಮ್ಮ ಇದು, ಬಾಣಂತಿ ನಡುಗಿದ ಹಾಗೆ ನಡುಗ್ತೀಯ? ಕದ್ದವರು ನಡುಗಲಿ.”

ಕಾರ್ಡಿನ ಕಂಪನಿಯಿಂದ ಬಂದವನು ಒಬ್ಬೊಬ್ಬರನ್ನೇ ಯಜಮಾನರ ಕೋಣೆಗೆ ಕರೆಯುತ್ತಿದ್ದ. ಗದರುವವನಾಗಿದ್ದರೆ ರಟ್ಟಕ್ಕನಿಗೆ ಧೈರ್ಯ ಬರುತ್ತಿತ್ತೋ ಏನೋ, ಗದರಿಕೆಗೆ ಅವಳು ಹೆದರಿದವಳಲ್ಲ. ಆದರೆ ಆ ಮನುಷ್ಯನದು ಹತ್ತಿಯಂಥ ಮೆತ್ತನೆಯ ದನಿ. ಕುರ್ಚಿಯನ್ನು ತಾನೇ ಎಳೆದು ಕೊಟ್ಟ.

“ಕಸ ಏನಾದ್ರೂ ಮನೆಗೆ ಒಯ್ದಿದ್ರಾ ಅಮ್ಮ?”

“ಒಂದು ಚೂರೂ ಇಲ್ಲ ಸಾರ್.” ಅದು ನಿಜವೇ. ದನಿ ಗಟ್ಟಿಯಾಗಿಯೇ ಬಂತು.

“ಕಸ ಅಲ್ಲದ್ದು? ಅಚ್ಚಾದ ಹಾಳೆ, ಬೇರೆ ಏನಾದ್ರೂ?”

“ಇಲ್ಲ ಸಾರ್.” ಮೊದಲ ‘ಇಲ್ಲ’ಕ್ಕೂ ಎರಡನೆಯ ‘ಇಲ್ಲ’ಕ್ಕೂ ನಡುವೆ ತಾನು ಕೆಲಸಗಾರ್ತಿಯಿಂದ ಕಳ್ಳಿಯಾದೆ ಅನ್ನಿಸಿತು ಅವಳಿಗೆ.

“ನಿಮ್ಮ ಮೈದುನ ಇದೇ ವ್ಯಾಪಾರದಲ್ಲಿದ್ದಾರಂತೆ. ಸುದ್ದಿ ಬೇರೆ ಹೇಳ್ತಾರಂತೆ.”

“ಹೌದು ಸಾರ್.”

“ಬೆಳಿಗ್ಗೆ ಅವರ ಅಂಗಡಿಗೆ ಹೋಗಿದ್ದೆ. ತುಂಬಾ ಮಾತಾಡ್ತಾರೆ.”

“ಹುಟ್ಟಿದಾಗಿಂದ ಹಾಗೇ ಸಾರ್.”

ಅವನು ನಕ್ಕ. ನಗುತ್ತಲೇ ಕೇಳಿದ: “ಸಂಜೆ ಕೆಲವರ ಮನೆಗೆ ಬರೋಣ ಅಂತಿದೀವಿ. ಬಂದ್ರೆ ಬೇಜಾರಿಲ್ಲ ತಾನೆ?”

“ಬನ್ನಿ ಸಾರ್, ಟೀ ಕುಡ್ಕೊಂಡು ಹೋಗುವಿರಂತೆ” ಎಂದಿತು ಅವಳ ಬಾಯಿ. ಅವಳು ಹೇಳಿದ್ದಲ್ಲ ಅದು.

ಅತ್ತೆಗೆ ಹುಷಾರಿಲ್ಲ ಎಂದು ಹೇಳಿ ಮಧ್ಯಾಹ್ನವೇ ಹೊರಟಳು. ದಾರಿಯಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸಿ ಎರಡು ಸಲ ನಿಂತಳು. ಹಿಂದೆ ಬರುತ್ತಿದ್ದವಳು ಸೊಪ್ಪು ಹೊತ್ತ ಒಬ್ಬ ಮುದುಕಿ. ಮನೆಗೆ ಬಂದು ಹಾಸಿಗೆ ಎತ್ತಿದರೆ ಅಡಿಹಾಳೆ ಇರಲಿಲ್ಲ. ಚಾಪೆ ಎತ್ತಿದಳು, ಮಂಚದಡಿ ಬಗ್ಗಿದಳು, ಗೋಡೆಯ ಸಂದಿಗೆ ಕೈ ಹಾಕಿದಳು. ಇಲ್ಲ.

“ಇವನು ಬಂದಿದ್ದ” ಎಂದಳು ಅತ್ತೆ ಆಚೆಯಿಂದ, “ಅಂಗಡಿ ಬಿಟ್ಟು ಓಡ್ಕೊಂಡು ಬಂದ ಹಾಗಿತ್ತು. ನಿನ್ನ ಕೋಣೆಗೆ ಹೋಗಿ ಏನೋ ಟವೆಲ್‌ನಲ್ಲಿ ಸುತ್ಕೊಂಡು ಹೋದ. ಯಾಕೆ ಹಿಂಗೆ ಬೆವರ್ತಿದೀಯ? ನೀರು ಕುಡಿ.”

ಅವಳು ನೀರು ಕುಡಿಯಲು ನಿಲ್ಲಲಿಲ್ಲ. ಮುಗಿಯಿತು, ಎಂದುಕೊಂಡಳು. ಸಂಜೆ ಫೋನಿನ ಮುಂದೆ ಕೂತು ಹಾಳೆ ಎತ್ತಿ ತೋರಿಸುತ್ತಾನೆ. ಇಂಕಣ್ಣನ ಮಷಿನ್ನಿನ ಮೇಲೆ ಬಟ್ಟೆ ಒಣಗುತ್ತದೆ. ಕಾರ್ಖಾನೆಯ ಬಾಗಿಲಿಗೆ ಬೀಗ. ಆ ಬೀಗ ಹಾಕಿಸಿದವಳು ನಾನು.

ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೈದುನನ ದನಿ ಕೇಳಿಸಿತು. ಒಳಗೆ ಮೂರ್ನಾಲ್ಕು ಗಿರಾಕಿಗಳು ಅವನನ್ನು ಸುತ್ತಿಕೊಂಡಿದ್ದರು.

“ನಾನು ಹೇಳ್ತೀನಿ ಕೇಳಿ, ಆ ಫೋಟೋ ಸುಳ್ಳು. ಅಂಥ ಕಾರ್ಡು ಈ ವರ್ಷ ಬರೋದೇ ಇಲ್ಲ.”

“ಏನಣ್ಣ, ನೀನೇ ಸುಳ್ಳು ಅಂತೀಯ? ಹೋದ ವರ್ಷ ನೀರಲ್ಲಿ ಮುಳುಗಿಸಿದ್ರೂ ಓಡೋ ಪ್ರೊಸೆಸರ್ ಬರತ್ತೆ ಅಂದಿದ್ದೆ.”

“ಅದು ಬರತ್ತೆ. ಇದು ಬರಲ್ಲ.”

“ಹೊಟ್ಟೆಕಿಚ್ಚು ಬಿಡು ಅಣ್ಣಂಗೆ. ಬೇರೆಯವರು ಮೊದಲು ಹೇಳ್ಬಿಟ್ರಲ್ಲ.”

ಅವರು ನಗುತ್ತ ನಗುತ್ತ ಇಳಿದು ಹೋದರು. ಗಾಳಿಗೆ ಒಗೆದ ಸುದ್ದಿಯನ್ನೆಲ್ಲ ಹಿಡಿದು ಮುದ್ದು ಮಾಡುವ ಇವನು, ಇಡೀ ಲೋಕ ನಿಜವೆಂದು ನಂಬಿದ ಒಂದನ್ನು ಮಾತ್ರ ಯಾಕೆ ಸುಳ್ಳು ಅನ್ನುತ್ತಿದ್ದಾನೆ? ರಟ್ಟಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೈದುನ ಅವಳನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟು, ಒಳಗಿನ ಕೈ ತೊಳೆಯುವ ಜಾಗಕ್ಕೆ ಕರೆದೊಯ್ದ. ಅಲ್ಲೊಂದು ಬಕೀಟು. ಬಕೀಟಿನ ತುಂಬ ಬೂದು ಬಣ್ಣದ ಗಂಜಿಯಂಥದ್ದು, ಮೇಲೆ ಹರಿದ ನೇರಳೆ ತುಂಡುಗಳು ಸಾಯಲೊಲ್ಲದೆ ತೇಲುತ್ತಿದ್ದವು.

“ಕರಗ್ತಾನೇ ಇಲ್ಲ ಅತ್ತಿಗೆ ಈ ದರಿದ್ರ. ಬೆಳಿಗ್ಗೆಯಿಂದ ಹಿಸುಕ್ತಿದೀನಿ.”

ಅವಳು ಬಕೀಟಿನ ಎದುರು ನೆಲಕ್ಕೆ ಕೂತಳು. “ಯಾವಾಗ ನೋಡಿದೆ?”

“ಅಮ್ಮ ಹಾಸಿಗೆ ಎತ್ತಿಸಿದಾಗ. ಈ ಗಲಾಟೆಗೆಲ್ಲ ಎಷ್ಟೋ ಮುಂಚೆ.”

“ಆ ಫೋಟೋ...?”

“ನಂದಲ್ಲ. ನಿಮ್ಮ ಹಾಳೆ ತುಂಬಾ ಅಲಗಿನ ಗೀರು. ಅದರಲ್ಲಿ ಗೀರೇ ಇಲ್ಲ.” ಅವನು ಬಕೀಟಿನ ಕಡೆ ನೋಡುತ್ತ ಮಾತಾಡಿದ. “ಲೋಕಕ್ಕೆಲ್ಲ ಮೊದಲು ನಂಗೆ ಗೊತ್ತಿತ್ತು ಅತ್ತಿಗೆ. ಮೆಮೊರಿ ಎಷ್ಟು, ಫ್ಯಾನು ಎಷ್ಟು, ಎಲ್ಲಾ. ಎದೆ ಮೇಲೆ ಕಲ್ಲು ಇಟ್ಕೊಂಡ ಹಾಗೆ ಇಟ್ಕೊಂಡಿದ್ದೆ. ಅವಸರದಲ್ಲಿ ತಿರುಗಿಸಿ ಇಟ್ನೋ ಏನೋ.”

“ತಿರುಗಿಸೇ ಇಟ್ಟಿದ್ದೆ ನೀನು.” ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. “ನನ್ನ ಅಡಿಹಾಳೆ ಕಣೋ ಅದು. ಒಂದೊಂದು ಪಟ್ಟಿ ಉಸಿರು ಬಿಗಿಹಿಡಿದು ಅಂಟಿಸಿದ್ದು.”

“ಬೈಯೋದು ಆಮೇಲೆ ಬೈರಿ. ಸಂಜೆ ಮನೆಗೆ ಬರ್ತಾರಂತೆ.”

ರಟ್ಟಕ್ಕ ಬಕೀಟಿಗೆ ಮೊಣಕೈವರೆಗೆ ಕೈ ಅದ್ದಿದಳು. “ಮೇಲಿನ ಹೊಳಪಿನ ಸಿಪ್ಪೆ ಸುಲಿಬೇಕು, ಆಮೇಲೆ ಕರಗತ್ತೆ” ಎಂದು ತುಂಡು ತುಂಡಾಗಿ ಸುಲಿಯತೊಡಗಿದಳು. ಇಬ್ಬರೂ ಕೂತು ಹಿಸುಕಿದರು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಅವಸರವಿಲ್ಲದ, ಮೆತ್ತನೆಯ ಹೆಜ್ಜೆ. “ಇದ್ದೀರಾ?” ಎಂಬ ಹತ್ತಿಯಂಥ ದನಿ.

ಮೈದುನ ಸುಲಿದ ಸಿಪ್ಪೆಗಳನ್ನು ಬಾಚಿ ಜೇಬಿಗೆ ತುರುಕಿ, ಮೂಲೆಯಲ್ಲಿದ್ದ ನೆಲ ಒರೆಸುವ ಬಟ್ಟೆಯನ್ನು ಬಕೀಟಿಗೆ ಎಸೆದು ಅವಳ ಕಡೆ ನೋಡಿದ. ಅವಳು ಆ ಬಟ್ಟೆ ಹಿಂಡಿ ಅಂಗಡಿಯ ನೆಲ ಒರೆಸತೊಡಗಿದಳು. ಯಾರಿಗೂ ತೋರಿಸಬಾರದೆಂದು ಕಿಟಕಿಗೆ ಕಾಗದ ಮೆತ್ತಿದ ಆ ಮಾಲನ್ನು, ಗಂಜಿಯಾದ ಮೇಲೆ, ಕಂಪನಿಯವನ ಬೂಟಿನ ಮುಂದೆಯೇ ನೆಲಕ್ಕೆ ಬಳಿದಳು.

“ಹುಷಾರು ಸಾರ್, ಜಾರತ್ತೆ” ಎಂದ ಮೈದುನ.

ಅವನು ಒದ್ದೆ ನೆಲ ನೋಡಿ ಕಾಲೆತ್ತಿ ಒಳಗೆ ಬಂದ. ಅವಳನ್ನು ನೋಡಿದ. “ನಿಮ್ಮ ಅತ್ತೆಗೆ ಹುಷಾರಿಲ್ಲ ಅಂದ್ರಲ್ಲ ಅಮ್ಮ?”

“ಈಗ ಪರವಾಗಿಲ್ಲ ಸಾರ್.” ಅವಳು ತಲೆ ಎತ್ತಲಿಲ್ಲ. ಬಟ್ಟೆ ಹಿಡಿದ ಕೈ ಒಂದೇ ಜಾಗವನ್ನು ಉಜ್ಜುತ್ತಿತ್ತು.

“ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ ಬಂದೆ” ಎಂದ ಅವನು ಮೈದುನನಿಗೆ. “ಆ ಫೋಟೋ ಮೊದಲು ಎಲ್ಲಿ ಕಾಣಿಸ್ತು ಅಂತ ಬೆಳಿಗ್ಗೆ ಹೇಳಿದ್ರಲ್ಲ, ಅದೇ ದಾರೀಲಿ ಹೋದ್ವಿ. ನೀವು ಹೇಳಿದ್ದು ಸರಿ. ದೂರದ ಒಂದು ಅಂಗಡಿ. ನಾವೇ ಕಳಿಸಿದ್ದ ಚಿತ್ರ, ಮಾರೋ ಪುಟದಲ್ಲಿ ಮುಂಚಿತವಾಗಿ ಹಾಕ್ಬಿಟ್ಟಿದ್ದಾರೆ. ಕಾರ್ಖಾನೆಯವರ ತಪ್ಪು ಇಲ್ಲ. ಮನೆಗಳಿಗೂ ಹೋಗಲ್ಲ.”

ಯಾವ ಸುದ್ದಿ ಯಾವ ಬಿಲದಿಂದ ಹೊರಟಿತು ಎಂಬುದು ಮುಂದಿನ್ವಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹಲ್ಲು ಕಿರಿದು, “ಅಷ್ಟೇ ತಾನೆ ಸಾರ್” ಅಂದ. ಜೇಬಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಂದವನು ಬಾಗಿಲವರೆಗೆ ಹೋದ. ಅಲ್ಲಿ ನಿಂತು ತಿರುಗಿ, ರಟ್ಟಕ್ಕನ ಮೊಣಕೈಯನ್ನು ಬೆರಳಿನಿಂದ ತೋರಿಸಿದ. “ಅಲ್ಲಿ ಬಣ್ಣ ಅಂಟಿದೆ ಅಮ್ಮ. ತೊಳ್ಕೊಳ್ಳಿ.”

ಉಗುರಿನಷ್ಟು ಅಗಲದ ಒಂದು ನೇರಳೆ ಚೂರು. ಅದರ ಮೇಲೆ ಫ್ಯಾನಿನ ಒಂದು ರೆಕ್ಕೆ ಎದ್ದು ಕಾಣುತ್ತಿತ್ತು. ಅವನು ಇಳಿದು ಹೋದ ಹೆಜ್ಜೆ ಸಪ್ಪಳ ಪೂರ್ತಿ ಆರುವವರೆಗೆ ಇಬ್ಬರೂ ಮಿಸುಕಲಿಲ್ಲ. ಅವನಿಗೆ ಅರ್ಥವಾಗಿತ್ತೋ, ನೆಲ ಒರೆಸುವವಳ ಕೈಗೆ ಏನೋ ಮೆತ್ತಿದೆ ಅಂದುಕೊಂಡನೋ, ಅದು ರಟ್ಟಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಮೆತ್ತನೆ ದನಿಯವರು ಯಾರೇ ಮಾತಾಡಿಸಿದರೂ ಅವಳ ಕೈ ತಾನಾಗಿ ಮೊಣಕೈಗೆ ಹೋಗುತ್ತದೆ.

ಕಾರ್ಡು ಬಂತು. ಮೂರು ಫ್ಯಾನು, ಅದೇ ಅಂಕೆ, ಅಷ್ಟೇ ಮೆಮೊರಿ. ಎಲ್ಲ ಗಾಳಿಸುದ್ದಿಯನ್ನೂ ನಂಬಿ, ನಿಜವಾದ ಒಂದನ್ನು ಸುಳ್ಳೆಂದವನು ಎಂದು ಜನ ಮೈದುನನನ್ನು ಆಡಿಕೊಂಡು ನಕ್ಕರು. ಅವನ ಮಾತು ಕೇಳಲು ಕಾದು ಕೂರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಬೇರೆ ಕಡೆ ಹೋದರು. ಅವನು ತಿರುಗಿ ಒಂದು ಮಾತು ಆಡಲಿಲ್ಲ. ಅದೇ ಡಬ್ಬಿಯ ಕೆಲಸ ಮತ್ತೆ ಬಂದಾಗ ಯಜಮಾನರು ಅಡಿಹಾಳೆ ಕೇಳಿದರು. “ಇಲಿ ತಿಂತು” ಎಂದಳು ರಟ್ಟಕ್ಕ. ಅಚ್ಚಿಲ್ಲದ ಬಿಳಿ ಹಾಳೆ ತೆಗೆದುಕೊಂಡು ಮೊದಲಿನಿಂದ ಪಟ್ಟಿ ಅಂಟಿಸಿದಳು. ಅಂದಿನಿಂದ ಅವಳ ಅಡಿಹಾಳೆಗಳೆಲ್ಲ ಬಿಳಿಯವೇ, ಅವು ಕಾರ್ಖಾನೆಯ ಕಪಾಟಿನಲ್ಲೇ ಸುರುಳಿ ಸುತ್ತಿಕೊಳ್ಳುತ್ತವೆ.

ಈಗ ಕಾರ್ಖಾನೆಯಿಂದ ಹೊರಡುವ ಮುಂಚೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಉಗುರು ಉಜ್ಜಿಕೊಳ್ಳುತ್ತಾಳೆ. ಎಷ್ಟು ಉಜ್ಜಿದರೂ ಸಂದಿನಲ್ಲಿ ಒಂದಿಷ್ಟು ಉಳಿಯುತ್ತದೆ. ಮೊನ್ನೆ ಊಟಕ್ಕೆ ಬಡಿಸುವಾಗ ಅವಳ ಉಗುರಿನಲ್ಲಿ ಹೊಸ ಬಣ್ಣವೊಂದಿತ್ತು, ಹಿಂದೆ ಯಾವ ಡಬ್ಬಿಯಲ್ಲೂ ಕಾಣದ್ದು. ಮೈದುನನ ಕಣ್ಣು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ತಟ್ಟೆಗೆ ಇಳಿಯಿತು.

“ಉಪ್ಪು ಕೊಡಿ ಅತ್ತಿಗೆ” ಅಂದ.